ಲಗ್ನವಿಲ್ಲದ ಆಯೇರಿ

ನಾನು ವಿಜಯ, ಕಟಕೋಳದಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡವಳು. ಊರ ಹೆಂಗಸರ ಅಳತೆಯೆಲ್ಲ ನನಗೆ ಗೊತ್ತು, ಮೈ ಅಳತೆಯೂ ಮನಸ್ಸಿನ ಅಳತೆಯೂ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾನೆ. ಇಂದ್ರವ್ವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಾನು ಸೀನುತ್ತೇನೆ. ಆದ್ದರಿಂದ ಅವರ ಮನೆಯ ಈ ಕಾರ್ಯದ ಬಗ್ಗೆ ಯಾರಾದರೂ ಹೇಳುವುದಾದರೆ ನಾನೇ ಹೇಳಬೇಕು. ಬೇರೆಯವರ ಬಾಯಲ್ಲಿ ಅದಕ್ಕೆ ಉಪ್ಪು ಖಾರ ಬಿದ್ದುಬಿಟ್ಟಿದೆ.

ಇಂದ್ರವ್ವನಿಗೆ ಒಬ್ಬಳೇ ಮಗಳು, ಸಪ್ನಾ. ಹತ್ತನೆಯದು ಪಾಸಾದ ಮೇಲೆ ಹುಡುಗಿ ಒಂದೇ ಹಟ ಹಿಡಿದಳು: ಐಟಿಐ ಸೇರಬೇಕು, ಎಲೆಕ್ಟ್ರಿಷಿಯನ್ ಆಗಬೇಕು. ಈ ಹುಚ್ಚು ಎಲ್ಲಿಂದ ಹಿಡಿಯಿತು ಎಂದರೆ ಅವರದೇ ಹೊಲದಿಂದ. ಬೇಸಿಗೆಯಲ್ಲಿ ಬೋರಿನ ಮೋಟಾರು ಸುಟ್ಟರೆ ರಾಮದುರ್ಗದ ಮೆಕ್ಯಾನಿಕ್ ಬರುವವರೆಗೆ ಕಬ್ಬು ಬಾಯಿ ಬಿಟ್ಟುಕೊಂಡು ನಿಂತಿರಬೇಕು. ಆತನೋ ಇವತ್ತು ಅಂದರೆ ನಾಳೆ, ನಾಳೆ ಅಂದರೆ ಸೋಮವಾರ. ಹೋದ ಬೇಸಿಗೆಯಲ್ಲಿ ಆತ ಮೋಟಾರು ಬಿಚ್ಚಿ ತಾಮ್ರದ ತಂತಿ ಸುತ್ತುವಾಗ ಸಪ್ನಾ ಪಕ್ಕದಲ್ಲೇ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಸಂಜೆ ಮನೆಗೆ ಬಂದವಳೇ ಅಪ್ಪನ ಮುಂದೆ ನಿಂತು, "ಇದನ್ನ ನಾ ಕಲೀತೇನಿ" ಅಂದಳು.

ಅಪ್ಪ ಯಮನಪ್ಪ ಒಳ್ಳೆಯವನು, ಆದರೆ ಯಾವುದಕ್ಕೂ ತಟ್ಟನೆ ಹೂಂ ಅನ್ನುವವನಲ್ಲ. ಸರಕಾರಿ ಐಟಿಐಗೆ ಅರ್ಜಿ ಹಾಕಿಸಿದ. ಅಲ್ಲಿ ಎಲೆಕ್ಟ್ರಿಷಿಯನ್ ಸೀಟು ಮುಗಿದು ಸಪ್ನಾಗೆ ಹೊಲಿಗೆ ಸೀಟು ಬಂತು. "ಬರೋಬರಿ ಆತಲ್ಲ, ವಿಜಯಕ್ಕನ್ನ ಕೇಳಿ ಮನ್ಯಾಗ ಅಭ್ಯಾಸ ಮಾಡ್ಕೋಬಹುದು" ಅಂದ ಯಮನಪ್ಪ. ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಹೊಲಿಗೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕರೆಂಟು ಕಲಿಯಬೇಕೆನ್ನುವವಳ ಕೈಗೆ ಸೂಜಿ ಕೊಟ್ಟರೆ ಅವಳು ಅದರಿಂದ ಬೆರಳು ಚುಚ್ಚಿಕೊಳ್ಳುತ್ತಾಳೆ, ಅಷ್ಟೇ.

ಹಾಗೆ ನಾವು ಮೂವರು ಹೆಂಗಸರು ಒಂದು ಬೆಳಿಗ್ಗೆ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಮುರಗೋಡ ದಾಟಿ ಬೈಲಹೊಂಗಲಕ್ಕೆ ಹೋದೆವು. ಅಲ್ಲಿ ಒಂದು ಖಾಸಗಿ ಐಟಿಐ ಇದೆ. ಎಲೆಕ್ಟ್ರಿಷಿಯನ್ ಸೀಟು ಖಾಲಿ ಇತ್ತು. ಫೀಸು ಕೇಳಿದಾಗ ಇಂದ್ರವ್ವ ಸೆರಗು ಸರಿಮಾಡಿಕೊಂಡಳು. ಅವಳಿಗೆ ಗಾಬರಿಯಾದಾಗೆಲ್ಲ ಸೆರಗು ಜಾರುತ್ತದೆ.

ಆಫೀಸಿನ ಸುಭಾಸ ಎಂಬಾತ ಸಮಾಧಾನದ ಮನುಷ್ಯ. ಎಲ್ಲ ಬಿಡಿಸಿ ಹೇಳಿದ. ಸಂಸ್ಥೆಯ ಅಧ್ಯಕ್ಷರು ಮಲ್ಲಿಕಾರ್ಜುನ ಸಾಹುಕಾರರು, ಹತ್ತಿಯ ವ್ಯಾಪಾರದವರು. ಅವರ ತಾಯಿಯ ಹೆಸರಿನಲ್ಲಿ ಒಂದು ಟ್ರಸ್ಟ್ ಇದೆ. ಅನುಕೂಲವಿಲ್ಲದ ಮನೆಯ ಕೆಲವು ಹುಡುಗಿಯರಿಗೆ ಅದು ಎರಡೂ ವರ್ಷದ ಅರ್ಧ ಫೀಸು ತುಂಬುತ್ತದೆ. ಉಳಿದ ಅರ್ಧವನ್ನು ಮನೆಯವರು ಈ ತಿಂಗಳ ಕೊನೆಯೊಳಗೆ ಕಟ್ಟಬೇಕು, ಇಲ್ಲವೆಂದರೆ ಸೀಟು ಬೇರೆಯವರಿಗೆ.

"ಸರಕಾರದ ಸ್ಕಾಲರ್‌ಶಿಪ್ ಬರತೈತೆಲ್ಲರಿ?" ಅಂದೆ ನಾನು, ತಿಳಿದವಳ ಹಾಗೆ.

"ಬರತೈತ್ರಿ. ಹುಡಿಗಿ ಖಾತೆಕ್ಕ ನೆಟ್ಟಗ ಬೀಳತೈತಿ. ಆದ್ರ ದೀಪಾವಳಿ ದಾಟಿದ ಮ್ಯಾಲೆ, ಒಮ್ಮೊಮ್ಮೆ ಯುಗಾದಿ ದಾಟಿದ ಮ್ಯಾಲೆ. ಸೀಟು ಈಗ ಐತಿ."

"ಆಮ್ಯಾಲೆ ಬರೂ ರೊಕ್ಕ ನೋಡಿ ಈಗ ಸೀಟ ಕೊಡಾಕ ಬರೂದಿಲ್ಲೇನ್ರಿ?" ಇಂದ್ರವ್ವ ಕೇಳಿದಳು.

"ಹಂಗ ಕೊಟ್ರ ಸಾಹುಕಾರ್ರು ನನ್ನ ಸೀಟ ಇನ್ನೊಬ್ರಿಗೆ ಕೊಡತಾರ್ರಿ" ಎಂದು ನಕ್ಕ. ಟ್ರಸ್ಟಿನ ಅರ್ಧಕ್ಕೆ ಸಪ್ನಾಳ ಹೆಸರನ್ನು ಅಂದೇ ಹಾಕಿಕೊಂಡ. ಅಷ್ಟು ಉಪಕಾರ ಮಾಡಿದ.

ವಾಪಸು ಬಸ್ಸು ಹತ್ತಿದೆವು. ಕಬ್ಬಿನ ಬಿಲ್ಲು ಇನ್ನೂ ಕೈಗೆ ಬಂದಿರಲಿಲ್ಲ. ಯಮನಪ್ಪ ಸಾಲ ಎಂಬ ಮಾತನ್ನೇ ಮನೆಯೊಳಗೆ ಬಿಟ್ಟುಕೊಳ್ಳುವವನಲ್ಲ, ಅವನಪ್ಪ ಅದರ ರುಚಿ ತೋರಿಸಿ ಹೋಗಿದ್ದ. ಸಪ್ನಾ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಮುರಗೋಡ ದಾಟಿದ ಮೇಲೆ ಇಂದ್ರವ್ವ ನನ್ನ ಕಡೆ ತಿರುಗಿದಳು.

"ನಮ್ಮೂರಾಗ ನಂದು ಐತೆಲ್ಲ ವಿಜಯಾ."

"ಏನ ಐತಿ?"

"ಮುಯ್ಯಿ."

ನಾನು ಅವಳ ಮುಖವನ್ನೇ ನೋಡಿದೆ. ನಮ್ಮ ಕಡೆ ಯಾರ ಮನೆಯಲ್ಲಿ ಲಗ್ನವಾಗಲಿ, ತೊಟ್ಟಿಲ ಕಾರ್ಯವಾಗಲಿ, ಕರೆದವರೆಲ್ಲ ಹೋಗಿ ಆಯೇರಿ ಹಾಕುತ್ತೇವೆ: ಸೀರೆ, ಧೋತರ, ಪಾತ್ರೆ, ರೊಕ್ಕ, ಅವರವರ ಶಕ್ತಿಯಷ್ಟು. ಕೂಗುವವನು ಮೈಕಿನಲ್ಲಿ ಹೆಸರು ಹಿಡಿದು ಕೂಗುತ್ತಾನೆ. ಹಾಕಿಸಿಕೊಂಡವರು ನಮ್ಮ ಮನೆಯ ಕಾರ್ಯದಲ್ಲಿ ಅದನ್ನು ತಿರುಗಿ ಹಾಕಬೇಕು, ಒಂದು ತೂಕ ಹೆಚ್ಚಾದರೂ ಚಿಂತೆಯಿಲ್ಲ, ಕಡಿಮೆಯಾಗಬಾರದು. ಅದೇ ಮುಯ್ಯಿ. ಬರೆದಿಡುವ ಗೋಜಿಲ್ಲ. ಹಾಕಿದವರು ಮರೆತರೂ ಹಾಕಿಸಿಕೊಂಡವರಿಗೆ ನೆನಪಿರುತ್ತದೆ, ಅವರಿಗೆ ನೆನಪಿಲ್ಲದಿದ್ದರೆ ಊರಿಗೆ ನೆನಪಿರುತ್ತದೆ. ಇಂದ್ರವ್ವ ಸೊಸೆಯಾಗಿ ಬಂದಾಗಿನಿಂದ ಒಂದು ಮನೆಯನ್ನೂ ಬಿಡದೆ ಹಾಕಿದ್ದಾಳೆ. ಅವಳ ಮನೆಯಲ್ಲಿ ಮಾತ್ರ ಒಂದೂ ಕಾರ್ಯ ಆಗಿರಲಿಲ್ಲ. ಸಪ್ನಾಳ ತೊಟ್ಟಿಲೂ ತವರಿನಲ್ಲೇ ಆಯಿತು. ಇಡೀ ಊರಿನ ಮೇಲೆ ಅವಳ ಮುಯ್ಯಿ ನಿಂತಿತ್ತು, ಮಗಳ ಲಗ್ನದ ದಾರಿ ಕಾಯುತ್ತ.

"ಅದು ಲಗ್ನಕ್ಕಲ್ಲೇನ?" ಅಂದೆ.

"ಲಗ್ನಕ್ಕ ಸೀಟ ಮುಗ್ಯೂದಿಲ್ಲ. ಇದಕ್ಕ ಮುಗಿತೈತಿ."

ಸಪ್ನಾ ಕಿಟಕಿಯಿಂದ ಹಣೆ ತೆಗೆದು ಅವ್ವನನ್ನು ನೋಡಿದಳು.

ಯಮನಪ್ಪ ಕೇಳಿದೊಡನೆ ಊಟದ ತಾಟು ಸರಿಸಿದ. "ಮುಯ್ಯಿ ಒಮ್ಮೆ ತೀರಿದ್ರ ತೀರಿತು. ನಾಳೆ ಇಕಿ ಲಗ್ನದಾಗ ಹಂದರಕ್ಕ ಯಾರ ಬರತಾರ? ಬರಿಗೈಲೆ ಕಳಸ್ತೀಯೇನ ಮಗಳನ್ನ?" ಅವನ ಮಾತು ಸುಳ್ಳಲ್ಲ. ಇಂದ್ರವ್ವನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅವಳು ತಾಟನ್ನು ಮತ್ತೆ ಅವನ ಮುಂದೆ ಸರಿಸಿ, "ಬರಿಗೈಲೆ ಕಳಸಬಾರದಂತನ ಕೈಗೆ ಕೆಲಸ ಕಲಸಾಕ ಹೊಂಟೇನಿ. ಉಣ್ಣು" ಅಂದಳು. ಅವನು ಉಂಡ. ಒಪ್ಪಿದ ಎಂದಲ್ಲ, ಹಸಿವಾಗಿತ್ತು.

ಊರು ಒಪ್ಪಬೇಕಾದರೆ ಮೊದಲು ಕಾಡವ್ವ ಒಪ್ಪಬೇಕು. ಕಾಡವ್ವ ನಮ್ಮ ಓಣಿಯ ಹಿರಿಯಳು. ಯಾವ ಕಾರ್ಯಕ್ಕೆ ಎಷ್ಟು ಎಲೆ, ಎಷ್ಟು ಅಡಕೆ ಎಂದು ಅವಳನ್ನೇ ಕೇಳುತ್ತಾರೆ. ಕೇಳದೆ ಮಾಡಿದರೆ ಬಂದು ಉಂಡು, ಆಮೇಲೆ ತಪ್ಪು ಹೇಳುತ್ತಾಳೆ. ನಾವು ಹೋದಾಗ ಜೋಳ ಹಸನ ಮಾಡುತ್ತ ಕೂತಿದ್ದಳು.

"ಲಗ್ನಿಲ್ಲ, ಕೂಸಿಲ್ಲ, ಎಂಥಾ ಆಯೇರಿ ಬೇ?"

"ನಿನ್ನ ಮಗನ ಲಗ್ನದಾಗ ನಾ ಇಳಕಲ್ ಸೀರಿ ಹಾಕಿದಾಗ, ಇದನ್ನ ಲಗ್ನದಾಗಷ್ಟ ತೀರಸಬೇಕ ಅಂತ ಹೇಳಿ ಹಾಕಿದ್ನೇನ ಅತ್ತಿ?"

ಕಾಡವ್ವ ಮೊರ ಕೇರುವುದನ್ನು ನಿಲ್ಲಿಸಿದಳು. ಹಾಗೆ ಯಾರೂ ಹೇಳಿ ಹಾಕುವುದಿಲ್ಲ, ನಿಜವೇ.

"ಉಣ್ಣಸ್ತಿ?"

"ಉಣ್ಣಸ್ತೇನಿ."

"ಕೂಗಸ್ತಿ?"

"ಕೂಗಸ್ತೇನಿ."

"ಹಂಗಾದ್ರ ಅದು ಆಯೇರಿನ. ಉಣ್ಣಸದ ಕೈ ಒಡ್ಡಿದ್ರ ಭಿಕ್ಷಾ ಆಗತೈತಿ, ಅದನ್ನ ಮಾತ್ರ ಮಾಡಬ್ಯಾಡ." ಮತ್ತೆ ಮೊರ ಎತ್ತಿಕೊಂಡಳು.

ಆ ಮಾತು ಒಂದು ಊರಿಗೆ ಸಾಕಾಗಿತ್ತು. ಹೊಲದ ಗೋಧಿ ಇತ್ತು, ಮನೆಯಲ್ಲಿ ಬೆಲ್ಲದ ಪೆಂಟೆ ಇತ್ತು. ಹುಗ್ಗಿ ಮಾಡುವುದೆಂದಾಯಿತು. ಆದರೆ ಒಂದು ಕೆಲಸ ಮಾಡಿದೆವು, ಅದನ್ನು ನೆನೆಸಿದರೆ ಈಗಲೂ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಅರ್ಧ ಫೀಸು ಕೊಡುವವರನ್ನು ಬಿಟ್ಟು ಕಾರ್ಯ ಮಾಡುವುದುಂಟೇ? ನಮ್ಮಲ್ಲಿ ಯಾರಿಗೂ ಅದು ಹೊಳೆಯುವ ಮಾತೇ ಅಲ್ಲ. ಇಂದ್ರವ್ವ ಮತ್ತೆ ಬೈಲಹೊಂಗಲಕ್ಕೆ ಹೋಗಿ ಮಲ್ಲಿಕಾರ್ಜುನ ಸಾಹುಕಾರರಿಗೆ ಕುಂಕುಮ ಹಚ್ಚಿ, ಅಕ್ಕಿ ಕೊಟ್ಟು, "ಊಟಕ್ಕ ಬರಬೇಕ್ರಿ" ಎಂದು ಕರೆದು ಬಂದಳು. ಸುಭಾಸ ಏನೋ ಹೇಳಲು ಬಾಯಿ ತೆರೆದನಂತೆ. ಅಷ್ಟರಲ್ಲಿ ಅವನ ಹಣೆಗೂ ಕುಂಕುಮ ಬಿದ್ದಿತ್ತು.

ಕಾರ್ಯದ ದಿನ ಮೋಡ ಕವಿದಿತ್ತು, ಮಳೆ ಬರಲಿಲ್ಲ. ಅಂಗಳದಲ್ಲಿ ಹಂದರ ಹಾಕಿದ್ದರು. ಆಯೇರಿ ಕೂಗುವವನು ಜಟ್ಟೆಪ್ಪ. ಆತನ ಗಂಟಲಿಗೆ ಮೈಕು ಬೇಕಿಲ್ಲ, ಆದರೂ ಮೈಕಿಲ್ಲದೆ ಆತ ನಿಲ್ಲುವುದಿಲ್ಲ. ಎಲ್ಲ ಸಜ್ಜಾದ ಮೇಲೆ ಆತನಿಗೆ ದೊಡ್ಡ ಪೇಚು ಶುರುವಾಯಿತು.

"ಯಾವ ಕಾರ್ಯ ಅಂತ ಕೂಗಲಿ? ಮದಲ ಕಾರ್ಯದ ಹೆಸರ ಹೇಳಬೇಕಲ್ಲ. ಲಗ್ನ ಅನ್ನಾಂಗಿಲ್ಲ, ತೊಟ್ಟಿಲ ಅನ್ನಾಂಗಿಲ್ಲ."

"ಸಪ್ನಾ ಎಲೆಕ್ಟ್ರಿಷಿಯನ್ ಆಗೂ ಕಾರ್ಯ ಅಂತ ಕೂಗ ಮಾಮಾ" ಅಂದಳು ಸಪ್ನಾ. ಜಟ್ಟೆಪ್ಪ ಎರಡು ಸಲ ಬಾಯಲ್ಲೇ ತಿರುಗಿಸಿ ನೋಡಿ, ಮೂರನೆಯ ಸಲ ಕೂಗಿಯೇ ಬಿಟ್ಟ. ಜನ ನಕ್ಕರು. ನಕ್ಕವರೇ ಎದ್ದು ಸಾಲಿನಲ್ಲಿ ನಿಂತರು.

ಸೀರೆ ಬೇಡ, ರೊಕ್ಕ ಹಾಕಿರಿ ಎಂದು ಇಂದ್ರವ್ವ ಮೊದಲೇ ಹೇಳಿ ಕಳಿಸಿದ್ದಳು. ಆದರೂ ಕೆಲವರು ಕುಪ್ಪಸದ ಖಣ ಹಿಡಿದೇ ಬಂದಿದ್ದರು, ಖಣವಿಲ್ಲದೆ ಬರುವುದಕ್ಕೆ ಅವರ ಮನಸ್ಸು ಕೇಳಲಿಲ್ಲ. ರಾಯಪ್ಪ ಬಂದ. ಬದುವಿನ ಜಗಳದಲ್ಲಿ ರಾಯಪ್ಪನೂ ಯಮನಪ್ಪನೂ ಮಾತು ಬಿಟ್ಟು ಎಷ್ಟೋ ವರ್ಷ. ಆದರೆ ರಾಯಪ್ಪನ ಮಗನ ಲಗ್ನದಲ್ಲಿ ಇಂದ್ರವ್ವ ಹಾಕಿದ್ದಳು. ಆತ ತಾಟಿನಲ್ಲಿ ನೋಟು ಇಟ್ಟ, ಯಮನಪ್ಪನ ಮುಖ ನೋಡಲಿಲ್ಲ, ಹುಗ್ಗಿ ಉಂಡ, ಹೋದ. ನಮ್ಮೂರನ್ನು ನಾನು ದಿನಾ ಬೈಯುತ್ತೇನೆ, ಅಂದು ಮಾತ್ರ ಬೈಯಲಿಲ್ಲ.

ಮಧ್ಯಾಹ್ನ ಬಿಳಿ ಕಾರು ಬಂತು. ಮಲ್ಲಿಕಾರ್ಜುನ ಸಾಹುಕಾರರು, ಟ್ರಸ್ಟಿನ ಇಬ್ಬರು ಹಿರಿಯರು, ಹಿಂದೆ ಸುಭಾಸ. ಅವರನ್ನು ಕೂರಿಸಿ ಮೊದಲ ಪಂಕ್ತಿಯಲ್ಲಿ ಬಡಿಸಿದೆವು. ಸಾಹುಕಾರರು ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡರು. ಉಣ್ಣುತ್ತಲೇ ಹಂದರ ನೋಡಿದರು, ಕೊಪ್ಪರಿಗೆ ನೋಡಿದರು, ಆಯೇರಿಯ ತಾಟು ನೋಡಿದರು. ಕೈ ತೊಳೆದು ಯಮನಪ್ಪನನ್ನು ಹತ್ತಿರ ಕರೆದರು.

"ಯಜಮಾನ್ರ, ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಅಂತಾರಲ್ಲ, ಹಂಗಾತಿದು. ಇಡೀ ಊರಿಗೆ ಹುಗ್ಗಿ ಉಣ್ಣಸಾವ್ರಿಗೆ ಅರ್ಧಾ ಫೀ ತುಂಬಾಕ ಆಗೂದಿಲ್ಲಂದ್ರ ನಂಬೂದ ಹ್ಯಾಂಗ? ಟ್ರಸ್ಟಿನ ಸಹಾಯ ಅನುಕೂಲ ಇಲ್ಲದವ್ರಿಗೆ. ನಿಮಗ ಕೊಟ್ರ ಖರೇನ ಇಲ್ಲದಾಕಿ ಒಬ್ಬಾಕಿ ತಪ್ಪಿಸ್ಕೋತಾಳ. ನಮ್ಮ ಹಿರ್ಯಾರೂ ನೋಡ್ಯಾರ. ಈ ಹೆಸರ ತಗೀಬೇಕಾಗತೈತಿ."

ಮೆಲ್ಲಗೆ, ಮರ್ಯಾದೆಯಿಂದಲೇ ಅಂದರು. ಅದೇ ಹೆಚ್ಚು ಉರಿಯಿತು. ಯಮನಪ್ಪನ ಮುಖ ಕಪ್ಪಿಟ್ಟಿತು. ಉಳಿದರ್ಧ ಕೂಡಿಸಲಿಕ್ಕೆ ಮಾಡಿದ ಊಟವೇ ಮೊದಲರ್ಧವನ್ನು ನುಂಗಿತಲ್ಲ ಎಂದು ನನಗೆ ಆಗ ತಿಳಿಯಿತು. ಸಪ್ನಾ ಕೊಪ್ಪರಿಗೆಯ ಹತ್ತಿರ ಸೌಟು ಹಿಡಿದು ನಿಂತವಳು ನಿಂತೇ ಇದ್ದಳು. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಉಂಡ ಮನಿ ಜಂತಿ ಎಣಸಬಾರದ್ರಿ ಸಾಹುಕಾರ್ರ."

ಇಂದ್ರವ್ವ ನನ್ನ ರಟ್ಟೆ ಹಿಡಿದು ಹಿಂದೆ ಸರಿಸಿ ಅವರ ಮುಂದೆ ಬಂದು ನಿಂತಳು. ಅಂದು ಅವಳ ಸೆರಗು ಜಾರಲಿಲ್ಲ.

"ಎಣಿಸ್ರಿ. ಎಣಸಾಕ ಅಡ್ಡಿ ಇಲ್ಲ. ಆದ್ರ ಯಾರದು ಅಂತ ತಿಳಕೊಂಡು ಎಣಿಸ್ರಿ. ಈ ತಾಟಿನಾಗಿಂದು ನಮ್ಮ ಇವತ್ತಿನ ಶ್ರೀಮಂತಿಕಿ ಅಲ್ಲ. ನಾ ಸೊಸಿಯಾಗಿ ಬಂದಾಗಿಂದ ಮಂದಿ ಮನ್ಯಾಗ ಹಾಕಿದ್ದು. ಮಗಳ ಲಗ್ನಕ್ಕ ಇರಲಿ ಅಂತ ಬಿಟ್ಟಿದ್ದೆ. ಇನ್ನ ಆಕಿ ಲಗ್ನದಾಗ ಈ ಹಂದರ ಇರೂದಿಲ್ಲ, ಈ ಮಂದಿ ಇರೂದಿಲ್ಲ, ಹುಗ್ಗಿನೂ ಇರೂದಿಲ್ಲ. ನೀವು ಈಗ ಉಂಡದ್ದು ನನ್ನ ಮಗಳ ಲಗ್ನದ ಊಟರಿ."

ಸಾಹುಕಾರರು ಕೈ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. ಅವರೂ ಇದೇ ಸೀಮೆಯವರು, ಮುಯ್ಯಿ ಎಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಪಕ್ಕದ ಹಿರಿಯರು ನೆಲ ನೋಡಿದರು.

"ಟ್ರಸ್ಟಿಗೆ ಒಂದ ನೇಮ ಇರತೈತವಾ" ಅಂದರು ಸಾಹುಕಾರರು. ದನಿ ಸ್ವಲ್ಪ ಇಳಿದಿತ್ತು.

"ಇರಲ್ರಿ. ಟ್ರಸ್ಟಿನ ಸಹಾಯ ಬ್ಯಾಡ. ಅದು ಖರೇನ ಇಲ್ಲದಾಕಿಗೇನ ಹೋಗಲಿ. ಆದ್ರ ನೀವು ನಮ್ಮ ಕಾರ್ಯಕ್ಕ ಬಂದೀರಿ, ಉಂಡೀರಿ. ಉಂಡಾವ್ರು ಆಯೇರಿ ಹಾಕ್ರಿ."

ಒಬ್ಬ ಹಿರಿಯರಿಗೆ ನಗು ಬಂತು. "ಸಾಹುಕಾರ್ರ ಆಯೇರಿಗೆ ಮುಯ್ಯಿ ತೀರಸಾವ್ರ ಯಾರವಾ, ನೀನ?"

ಇಂದ್ರವ್ವ ಬಾಯಿ ತೆರೆಯುವ ಮೊದಲೇ ಸೌಟು ಕೊಪ್ಪರಿಗೆಗೆ ಬಿದ್ದ ಸದ್ದಾಯಿತು. ಸಪ್ನಾ ಹಂದರದ ನಡುವಿನಿಂದ ಬಂದು ಜಟ್ಟೆಪ್ಪನ ಕೈಯಿಂದ ಮೈಕು ತೆಗೆದುಕೊಂಡಳು. ಆತ ಮೊದಲು ಬಿಡಲಿಲ್ಲ, ಆಮೇಲೆ ಬಿಟ್ಟ. ಹೆಣ್ಣುಮಗಳು ಆಯೇರಿ ಕೂಗಿದ್ದನ್ನು ನಮ್ಮೂರು ಕಂಡಿರಲಿಲ್ಲ.

"ಬೈಲಹೊಂಗಲದ ಮಲ್ಲಿಕಾರ್ಜುನ ಸಾಹುಕಾರ್ರು" ಎಂದು ಕೂಗಿದಳು. "ಎಷ್ಟ ಹಾಕತಾರ ಅವರ ಹೇಳಲಿ. ಎಷ್ಟ ಹಾಕಿದ್ರೂ ಅದರ ಮುಯ್ಯಿ ಅವ್ವ ತೀರಸೂದಿಲ್ಲ, ಅಪ್ಪ ತೀರಸೂದಿಲ್ಲ. ಸಪ್ನಾ ಯಮನಪ್ಪ ತೀರಸ್ತಾಳ."

ಮೈಕನ್ನು ಸಾಹುಕಾರರ ಕಡೆ ಹಿಡಿದು ನಿಂತಳು. ಇಡೀ ಊರು ಅವರನ್ನೇ ನೋಡುತ್ತಿತ್ತು. ಕೂಗಿದ ಹೆಸರನ್ನು ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಅವರಿಗೆ ಸಿಟ್ಟು ಬಂದಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಸಹಾಯ ಕೊಡುವಾಗ ಅವರು ಮೇಲೆ ನಿಂತು ಕೊಡುತ್ತಿದ್ದರು. ಇದರಲ್ಲಿ ಹಾಗೆ ನಿಲ್ಲಲು ಜಾಗವಿರಲಿಲ್ಲ. ಆಯೇರಿ ಹಾಕಿದವರು ಬೀಗರ ಹಾಗೆ, ಎದುರುಬದುರು.

ಸಾಹುಕಾರರು ಸಪ್ನಾಳನ್ನು ಕೇಳಿದರು, "ಮೋಟಾರ ಕಟ್ಟಾಕ ಬರತೈತೇನ ನಿನಗ?"

"ಬರೂದಿಲ್ರಿ. ಕಲ್ಯಾಕನ ಬರಾಕ ಹತ್ತೇನಿ."

ಅವರು ಸುಭಾಸನ ಕಡೆ ತಿರುಗಿದರು. "ಈ ಹುಡಿಗಿ ಹೆಸರ ಟ್ರಸ್ಟಿನಾಗಿಂದ ತಗದ ಬಿಡು." ಇಂದ್ರವ್ವ ನನ್ನ ಕೈ ಹಿಡಿದುಕೊಂಡಳು. "ಎರಡೂ ವರ್ಷದ ಅರ್ಧಾ ಫೀ ನನ್ನ ಕಿಸೆದಿಂದ. ಆಯೇರಿ ಅಂತನ ಪಾವತಿ ಕೊಡು." ಆಮೇಲೆ ಸಪ್ನಾಳಿಗೆ ಅಂದರು, "ನನ್ನ ಮಗನ ಲಗ್ನ ಇನ್ನ ನಾಕೈದ ವರ್ಷಕ್ಕ ಆದೀತು. ಕರೀತೇನಿ. ಇಷ್ಟಕ್ಕ ಕಡಿಮಿ ತಗೊಂಡ ಬಂದ್ರ ನಡ್ಯೂದಿಲ್ಲ ನೋಡು."

"ಕರೀರಿ" ಅಂದಳು ಸಪ್ನಾ.

ಕಾಡವ್ವ ಯಾರೂ ಹೇಳದೆಯೇ ಎದ್ದು ತೆಂಗಿನಕಾಯಿ, ಎಲೆ ಅಡಕೆ, ಟೋಪಿ, ಟವಲು ತಂದಳು. ಆಯೇರಿ ಹಾಕಿದ ಗಂಡಸಿಗೆ ಕೊಡುವ ಮರ್ಯಾದೆ ಅದು. ಯಮನಪ್ಪ ಟೋಪಿ ಹಾಕಿದ. ಸಾಹುಕಾರರು ತಲೆ ಬಗ್ಗಿಸಿದರು, ಬಗ್ಗಿಸದೆ ಟೋಪಿ ಹಾಕಿಸಿಕೊಳ್ಳಲು ಆಗುವುದಿಲ್ಲ. ಜಟ್ಟೆಪ್ಪ ಮೈಕು ಕಸಿದುಕೊಂಡು ಎಲ್ಲವನ್ನೂ ಇನ್ನೊಮ್ಮೆ ಕೂಗಿದ, ತಾನು ಕೂಗದೆ ಅದು ಪಕ್ಕಾ ಆಗುವುದಿಲ್ಲ ಎಂಬಂತೆ.

ಸಂಜೆ ಹಂದರ ಬಿಚ್ಚಿದ ಮೇಲೆ ತಾಟಿನ ರೊಕ್ಕ ಕೂಡಿಸಿದೆವು. ಉಳಿದರ್ಧ ಫೀಸಿಗೆ ಸಾಕಾಯಿತು, ಬಸ್ಸಿನ ಪಾಸಿಗೂ ಆಯಿತು. ಸಪ್ನಾ ಕೊಪ್ಪರಿಗೆ ಬೆಳಗಲು ಹೊರಗೆ ಹೋದಳು. ಇಂದ್ರವ್ವ ಮಾತ್ರ ಖಾಲಿ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಕೂತುಬಿಟ್ಟಳು.

"ಖಾಲಿ ಆತು ವಿಜಯಾ" ಅಂದಳು. "ಊರಾಗ ಇನ್ನ ನಂದು ಏನೂ ಇಲ್ಲ."

ಹಾಗೆಂದು ಅತ್ತಳು. ಇಡೀ ದಿನ ಊರ ಮುಂದೆ, ಸಾಹುಕಾರರ ಮುಂದೆ ಗಟ್ಟಿಯಾಗಿ ನಿಂತವಳು ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ನಾನೂ ಅತ್ತೆ. ಮಗಳ ಲಗ್ನವನ್ನು ತನ್ನ ಕೈಯಾರೆ ಬಡಿಸಿ ಮುಗಿಸಿದ ತಾಯಿಗೆ ಏನು ಸಮಾಧಾನ ಹೇಳಬೇಕು?

ಯಮನಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ. ಹೆಂಡತಿ ಅಳುವುದನ್ನು ನೋಡಲಾಗದೆ ಅಂಗಳದ ಕಡೆ ತಿರುಗಿ ಮಗಳಿಗೆ ಹೇಳಿದ, "ಏನಬೇ, ಇನ್ನ ನಿನ್ನ ಲಗ್ನಕ್ಕ ಊರಾಗಿಂದ ಒಂದ ಖಣಾನೂ ಬರೂದಿಲ್ಲ. ತಿಳೀತೇನ?"

ಸಪ್ನಾ ಕೊಪ್ಪರಿಗೆಯೊಳಗೆ ತಲೆ ತೂರಿಸಿ ಬೂದಿ ಹಾಕಿ ತಿಕ್ಕುತ್ತಿದ್ದಳು. ಅವಳ ದನಿ ಒಳಗಿನಿಂದಲೇ ಬಂತು.

"ನನ್ನ ಮುಯ್ಯಿ ನಾ ಹಾಕ್ಕೋತೇನಪ್ಪ. ಮುಂದಿನ ತಿಂಗಳ ಯಾರ ಮನ್ಯಾಗ ಕಾರ್ಯ ಐತಿ, ಹೇಳು."